ಟ್ಯಾಬ್ಲೆಟ್ ಕೊಳ್ಳುವ ಮುನ್ನ

ಊರು ಬಿಟ್ಟು ಬಂದ ಸಂಸಾರಕ್ಕೆ ಮನೆಯೊಳಗಿನ ಕನ್ನಡವೇ ಕನ್ನಡ. ಬಾಗಿಲಿನಿಂದ ಆಚೆ ಕಾಲಿಟ್ಟರೆ ಮುಂಬಯಿ ಪುಣೆಗಳಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, ದಿಲ್ಲಿಯಲ್ಲಿ ಹಿಂದಿ. ಮಕ್ಕಳ ಶಾಲೆ ಸಾಮಾನ್ಯವಾಗಿ ಇಂಗ್ಲಿಷಿನದು. ಹಿಂದೆ ಇಂಥ ಮನೆಗಳಿಗೆ ಕನ್ನಡವನ್ನು ಹೊತ್ತು ತರುತ್ತಿದ್ದುದು ಅಂಚೆಯಲ್ಲಿ ಬರುವ ವಾರಪತ್ರಿಕೆ, ಊರಿನಿಂದ ಬಂದ ನೆಂಟರ ಚೀಲದಲ್ಲಿದ್ದ ಒಂದೆರಡು ಕಾದಂಬರಿ, ಸಂಘದ ಗ್ರಂಥಾಲಯದ ಬೀರು. ಇವು ಇಂದಿಗೂ ಬೇಡವಾಗಿಲ್ಲ. ಆದರೆ ಇವುಗಳ ಜೊತೆಗೆ ಈಗ ಶಾಲೆಯ ಪಾಟಿಯಷ್ಟು ಗಾತ್ರದ ಗಾಜಿನ ಹಲಗೆಯೊಂದು ಅನೇಕ ಮನೆಗಳಿಗೆ ಬಂದು ಸೇರಿದೆ. ಅದೇ ಟ್ಯಾಬ್ಲೆಟ್.

“ಕಡಿಮೆ ಬೆಲೆಯಲ್ಲಿ ಒಳ್ಳೆಯದು ಯಾವುದು?” ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಇನ್ನೊಂದನ್ನು ಕೇಳಿಕೊಳ್ಳಬೇಕು: ಯಾರಿಗಾಗಿ? ಊರಿನಿಂದ ಮಗನ ಮನೆಗೆ ಬಂದು, ಏಳನೆಯ ಮಹಡಿಯಲ್ಲಿ ಮಾತಿಗೆ ಜನವಿಲ್ಲದೆ ಹಗಲೆಲ್ಲ ಕುಳಿತಿರುವ ಅಜ್ಜಿಗೋ? ಕನ್ನಡ ಮಾತಾಡಬಲ್ಲ, ಆದರೆ ಓದಲಾರದ ಹುಡುಗನಿಗೋ? ರಾತ್ರಿ ಊಟವಾದ ಮೇಲೆ ಒಂದು ಸಿನಿಮಾ ನೋಡಬಯಸುವ ದಂಪತಿಗಳಿಗೋ? ಮೂವರಿಗೂ ಒಂದೇ ಆದರೆ ಮೂವರ ಅಗತ್ಯವನ್ನೂ ತೂಗಿ ನೋಡಬೇಕು.

“ಕೈಯಲ್ಲಿ ಫೋನಿದೆಯಲ್ಲ, ಇದೊಂದು ಬೇರೆ ಏಕೆ?” ಎಂಬ ಆಕ್ಷೇಪ ಬರುವುದು ಸಹಜ. ಫೋನು ಒಬ್ಬರ ಸ್ವತ್ತು. ಅದು ನಡುವೆ ಬಡಿದುಕೊಳ್ಳುತ್ತದೆ, ಅದರ ಒಡೆಯನೊಂದಿಗೆ ಕಚೇರಿಗೆ ಹೋಗುತ್ತದೆ. ಟ್ಯಾಬ್ಲೆಟ್ಟಾದರೋ ಮನೆಯಲ್ಲಿ ಉಳಿಯುತ್ತದೆ. ಪರದೆ ದೊಡ್ಡದಾದುದರಿಂದ ಇಬ್ಬರು ಒಟ್ಟಿಗೆ ಕುಳಿತು ನೋಡಬಹುದು. ಈ ಎರಡು ಗುಣಗಳು ಬೇಡವಾದವರು ಹಣ ಉಳಿಸಿಕೊಳ್ಳುವುದೇ ಮೇಲು.

ಅಗ್ಗವೂ ಸೋವಿಯೂ

ಬೆಲೆ ಕಡಿಮೆಯಾದ ಮಾತ್ರಕ್ಕೆ ವಸ್ತು ಸೋವಿಯಾಗುವುದಿಲ್ಲ. ಇದಕ್ಕೆ ನಮ್ಮ ದೇಶದ ಅನುಭವವೇ ಸಾಕ್ಷಿ. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಕೇಂದ್ರ ಸರಕಾರ ‘ಆಕಾಶ್’ ಎಂಬ ಟ್ಯಾಬ್ಲೆಟ್ಟನ್ನು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿತು. ಬೆಲೆ ಸುಮಾರು 2,250 ರೂಪಾಯಿ. ಜಗತ್ತೇ ತಿರುಗಿ ನೋಡಿತು. ಆದರೆ ಅದರ ಒಳಗಿದ್ದುದು 366 ಮೆಗಾಹರ್ಟ್ಸಿನ ಸಂಸ್ಕಾರಕ ಮತ್ತು 256 ಎಂ.ಬಿ. ರ‍್ಯಾಮ್. ಏಳು ಅಂಗುಲದ ಪರದೆ ಬೆರಳು ಸೋಕಿದರೆ ಸಾಲದು, ಒತ್ತಿದರೆ ಮಾತ್ರ ಕೆಲಸ ಮಾಡುವಂಥದು. ಉದ್ದೇಶ ದೊಡ್ಡದಿತ್ತು, ಉಪಕರಣ ಅದಕ್ಕೆ ಹೆಗಲು ಕೊಡಲಿಲ್ಲ. ಇಂದಿಗೂ ಹೆಸರಿಲ್ಲದ ಟ್ಯಾಬ್ಲೆಟ್ಟುಗಳು ನಾಲ್ಕೈದು ಸಾವಿರಕ್ಕೆ ಸಿಗುವುದುಂಟು. ಅಂಥದನ್ನು ಕೊಂಡು ಆರು ತಿಂಗಳಿಗೆ ಮೂಲೆಗಿಡುವುದಕ್ಕಿಂತ ಒಂದು ವರ್ಷ ಕಾದು ಹಣ ಕೂಡಿಸುವುದು ಲಾಭ.

ಇಂದಿನ ಪೇಟೆಯಲ್ಲಿ ಹೆಸರಾದ ಸಂಸ್ಥೆಗಳ 8.7 ಅಂಗುಲದ ಟ್ಯಾಬ್ಲೆಟ್ಟುಗಳು ಹತ್ತು ಹನ್ನೆರಡು ಸಾವಿರದ ಸುತ್ತಮುತ್ತ ಇರುತ್ತವೆ. 11 ಅಂಗುಲದವಕ್ಕೆ ಹದಿಮೂರರಿಂದ ಇಪ್ಪತ್ತು ಸಾವಿರದವರೆಗೆ ಕೊಡಬೇಕಾದೀತು. ದಸರಾ ದೀಪಾವಳಿಗಳ ಮಾರಾಟದಲ್ಲಿ ಬೆಲೆ ಇಳಿಯುವುದರಿಂದ, ಆತುರವಿಲ್ಲದವರು ಅಲ್ಲಿಯವರೆಗೆ ತಾಳಬಹುದು. ಓದು, ಹಾಡು, ಸಿನಿಮಾಗಳಿಗೆ ಇದಕ್ಕಿಂತ ಹೆಚ್ಚು ಸುರಿಯುವ ಅಗತ್ಯವಿಲ್ಲ.

ಪರದೆಯ ಲೆಕ್ಕ

ಮೊದಲು ನೋಡಬೇಕಾದದ್ದು ಪರದೆ. ಗಾತ್ರವನ್ನು ಮೂಲೆಯಿಂದ ಮೂಲೆಗೆ ಅಳೆದು ಅಂಗುಲದಲ್ಲಿ ಹೇಳುತ್ತಾರೆ. ನಮ್ಮ ಬಹುಪಾಲು ಕಾದಂಬರಿಗಳು ಅಚ್ಚಾಗುವ ಡೆಮಿ ಅಷ್ಟದಳ ಪುಟ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಉದ್ದ. ಇಂದಿನ 11 ಅಂಗುಲದ ಪರದೆಯನ್ನು ನಿಲ್ಲಿಸಿ ಹಿಡಿದರೆ ಅಗಲ ಸುಮಾರು 5.8 ಅಂಗುಲ, ಉದ್ದ 9.3 ಅಂಗುಲ. ಅಂದರೆ ಪುಸ್ತಕದ ಪುಟ ಅಚ್ಚಿನಲ್ಲಿದ್ದಷ್ಟೇ ದೊಡ್ಡದಾಗಿ ಕಾಣುತ್ತದೆ. 8.7 ಅಂಗುಲದ ಪರದೆಯ ಅಗಲ ಸುಮಾರು ನಾಲ್ಕೂವರೆ ಅಂಗುಲವೇ ಆದುದರಿಂದ ಅದೇ ಪುಟ ಐದರಲ್ಲಿ ನಾಲ್ಕು ಪಾಲಿಗೆ ಕುಗ್ಗುತ್ತದೆ. ಹರೆಯದವರ ಕಣ್ಣಿಗೆ ಇದು ತೊಂದರೆಯಲ್ಲ. ಕನ್ನಡಕದವರಿಗೆ ತೊಂದರೆಯೇ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ, ದಿನಪತ್ರಿಕೆಯ ಇ-ಪೇಪರ್ ಇವುಗಳಲ್ಲಿ ಪುಟವೆಂಬುದು ಒಂದು ಚಿತ್ರವಷ್ಟೆ. ಅಕ್ಷರವನ್ನು ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆಗೆ ಓಡುತ್ತದೆ, ಪ್ರತಿ ಸಾಲಿಗೂ ಬೆರಳಿನಿಂದ ಎಳೆದಾಡಬೇಕು. ಅಜ್ಜ ಅಜ್ಜಿಯರ ಓದಿಗಾದರೆ 11 ಅಂಗುಲವೇ ಸರಿ. ಆದರೆ ಅದರ ತೂಕ ಸುಮಾರು 480ರಿಂದ 500 ಗ್ರಾಂ. ಚಿಕ್ಕದು ಸುಮಾರು 350 ಗ್ರಾಂ. ಮಲಗಿ ಓದುವವರಿಗೆ, ಲೋಕಲ್ ರೈಲಿನಲ್ಲಿ ಓದುವವರಿಗೆ ಚಿಕ್ಕದೇ ಅನುಕೂಲ. ದೊಡ್ಡದನ್ನು ಕೊಂಡವರು ನಿಲ್ಲಿಸಿಡಲು ಬರುವಂಥ ಕವಚವನ್ನೂ ಕೊಳ್ಳಲಿ. ಕೈಗೂ ನೋವಿಲ್ಲ, ಬಿದ್ದು ಒಡೆಯುವ ಭಯವೂ ಕಡಿಮೆ.

ಗಾತ್ರದಷ್ಟೇ ಮುಖ್ಯವಾದದ್ದು ಚುಕ್ಕೆಗಳ ದಟ್ಟಣೆ. ಪರದೆಯ ಮೇಲಿನ ಅಕ್ಷರ ಚುಕ್ಕೆಗಳಿಂದಾದದ್ದು, ರಂಗೋಲಿಯ ಹಾಗೆ. ಇಂಗ್ಲಿಷಿನ ಅಕ್ಷರಕ್ಕೆ ಕೆಲವೇ ಚುಕ್ಕೆ ಸಾಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ಗುಣಿತದ ಕೊಂಬು ಪಕ್ಕಕ್ಕೆ ಬಳುಕುತ್ತದೆ, ‘ಪ’ಕ್ಕೂ ‘ಷ’ಕ್ಕೂ ಒಂದು ಗೆರೆಯ ಅಂತರ. 10.1 ಅಂಗುಲದ ಪರದೆಯಲ್ಲಿ 1280 ಅಡ್ಡ, 800 ಉದ್ದ ಚುಕ್ಕೆಗಳಿದ್ದರೆ ಅಂಗುಲಕ್ಕೆ ಸುಮಾರು 149 ಚುಕ್ಕೆ ಬೀಳುತ್ತದೆ. 11 ಅಂಗುಲದಲ್ಲಿ 1920 ಮತ್ತು 1200 ಇದ್ದರೆ ಸುಮಾರು 206. 8.7 ಅಂಗುಲದಲ್ಲಿ 1340 ಮತ್ತು 800 ಇದ್ದರೆ ಸುಮಾರು 179. ಮೊದಲನೆಯದರಲ್ಲಿ ಸಣ್ಣ ಒತ್ತಕ್ಷರ ಮಸುಕಾಗುತ್ತದೆ, ಎರಡನೆಯದರಲ್ಲಿ ಚೊಕ್ಕಟವಾಗಿರುತ್ತದೆ. ಅಂಗಡಿಯಲ್ಲಿ ತೋರಿಸುವ ಬಣ್ಣಬಣ್ಣದ ಹೂವಿನ ಚಿತ್ರವನ್ನು ನೋಡಿ ಮರುಳಾಗದೆ, ಒಂದು ಕನ್ನಡ ಪತ್ರಿಕೆಯ ಪುಟವನ್ನು ತೆರೆಸಿ ಓದಿ ನೋಡಿ. ಅದೇ ನಿಜವಾದ ಪರೀಕ್ಷೆ.

ಒಳಗಿನ ಸಂಗತಿ

ರ‍್ಯಾಮ್ ಎಂಬುದು ಕೆಲಸ ಮಾಡುವ ಮೇಜು. ಉಗ್ರಾಣ ಬೇರೆ. ಮೇಜು ಕಿರಿದಾದರೆ ಕೆಲಸ ಕುಂಟುತ್ತದೆ. 4 ಜಿ.ಬಿ. ರ‍್ಯಾಮ್ ಇರಲೇಬೇಕು, 6 ಇದ್ದರೆ ನೆಮ್ಮದಿ. ಕೆಲವು ಜಾಹೀರಾತುಗಳಲ್ಲಿ “8 ಜಿ.ಬಿ.” ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ “4+4” ಎಂದಿರುತ್ತದೆ. ಎರಡನೆಯ ನಾಲ್ಕು ಉಗ್ರಾಣದಿಂದ ಎರವಲು ತಂದದ್ದು, ನಿಜವಾದ ರ‍್ಯಾಮ್ ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಉಗ್ರಾಣ 64 ಜಿ.ಬಿ.ಗಿಂತ ಕಡಿಮೆ ಬೇಡ. ಅದರಲ್ಲೂ ಒಂದು ಪಾಲನ್ನು ಯಂತ್ರವೇ ನುಂಗಿರುತ್ತದೆ. ಮೆಮೊರಿ ಕಾರ್ಡು ಹಾಕುವ ಕಿಂಡಿ ಇದ್ದರೆ ಪುಸ್ತಕ, ಹಾಡು, ಯಕ್ಷಗಾನಗಳನ್ನು ಅದರಲ್ಲಿ ತುಂಬಿಡಬಹುದು. ಊರಿಗೆ ಹೋಗುವ ರೈಲಿನಲ್ಲಿ ಘಟ್ಟದ ಸುರಂಗಗಳ ನಡುವೆ ಸಿಗ್ನಲ್ ಹೋದರೂ ಮಕ್ಕಳ ಗಲಾಟೆ ಇರುವುದಿಲ್ಲ.

ಸಿನಿಮಾ ಪ್ರಿಯರು ಕೇಳಬೇಕಾದ ಪ್ರಶ್ನೆಯೊಂದುಂಟು: “ವೈಡ್‌ವೈನ್ ಎಲ್-1 ಇದೆಯೇ?” ಸಿನಿಮಾ ಕಂಪನಿಗಳು ಕಳ್ಳಪ್ರತಿಯಾಗದಂತೆ ಚಿತ್ರಕ್ಕೆ ಹಾಕುವ ಬೀಗವಿದು. ಎಲ್-1 ಇದ್ದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಎಲ್-3 ಮಾತ್ರ ಇದ್ದರೆ, ಪರದೆ ಎಷ್ಟು ಒಳ್ಳೆಯದಾದರೂ ನೆಟ್‌ಫ್ಲಿಕ್ಸ್‌ನಂಥ ಕಡೆ ಮಸುಕು ಚಿತ್ರವೇ ಗತಿ. ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಈ ಲೋಪ ಹೆಚ್ಚು.

ಮನೆಯಲ್ಲಿ ವೈಫೈ ಇದ್ದವರು ಸಿಮ್ ಹಾಕುವ ಮಾದರಿಗೆ ಎರಡು ಮೂರು ಸಾವಿರ ಹೆಚ್ಚು ಕೊಡಬೇಕಾಗಿಲ್ಲ. ವೈಫೈ ಇಲ್ಲದವರು ಫೋನಿನ ಡೇಟಾ ಹಂಚಿಕೊಳ್ಳಬಹುದು. ಆದರೆ ಸಾಧಾರಣ ಗುಣಮಟ್ಟದ ಸಿನಿಮಾ ಗಂಟೆಗೆ ಸುಮಾರು 0.7 ಜಿ.ಬಿ. ಕಬಳಿಸುತ್ತದೆ ಎಂಬುದು ನೆನಪಿರಲಿ. ದಿನಕ್ಕೆ ಒಂದೂವರೆ ಜಿ.ಬಿ. ಸಿಗುವವರಿಗೆ ಎರಡು ಗಂಟೆಗೆ ಅಂದಿನ ಪಾಲು ಮುಗಿಯಿತು.

ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ‘ಬಿ.ಐ.ಎಸ್. ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಕೊಟ್ಟು ಪರೀಕ್ಷಿಸಬಹುದು. ಭದ್ರತೆಯ ಪರಿಷ್ಕರಣ ಎಷ್ಟು ವರ್ಷ ಬರುತ್ತದೆ, ದುರಸ್ತಿಯ ಕೇಂದ್ರ ನಿಮ್ಮ ಊರಿನಲ್ಲಿ ಎಲ್ಲಿದೆ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿ. ರಸೀದಿಯನ್ನು ಜೋಪಾನ ಮಾಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಓದಲು ಏನುಂಟು?

ಹಲಗೆ ಬಂತು, ಅದರಲ್ಲಿ ಓದಲು ಕನ್ನಡ ಎಲ್ಲಿದೆ? ಇದು ನಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆ ತನ್ನ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ಮಾರಾಟ ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಓದುವುದಕ್ಕೆಂದೇ ಮಾಡಿದ ಅಂಥ ಉಪಕರಣಗಳು ಕಣ್ಣಿಗೆ ಹಿತವಾದವು, ನಿಜ. ಆದರೆ ಕನ್ನಡದ ಓದುಗರಿಗೆ ಹಲವು ಬಾಗಿಲುಗಳಿಂದ ಪುಸ್ತಕ ತರಬಲ್ಲ ಸಾಧಾರಣ ಟ್ಯಾಬ್ಲೆಟ್ಟೇ ಹೆಚ್ಚು ಉಪಯುಕ್ತ.

ಆ ಬಾಗಿಲುಗಳು ಇವು. ‘ಇಂಟರ್ನೆಟ್ ಆರ್ಕೈವ್’ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ರಾಶಿ ರಾಶಿಯಾಗಿವೆ. ವಿಕಿಸೋರ್ಸ್‌ನಲ್ಲಿ ಕುಮಾರವ್ಯಾಸ ಭಾರತ, ವಚನ, ದಾಸಸಾಹಿತ್ಯಗಳನ್ನು ಅಕ್ಷರ ರೂಪದಲ್ಲೇ ಓದಬಹುದು. ಕರ್ನಾಟಕ ಸರಕಾರದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇವುಗಳಲ್ಲಿ ನಿಘಂಟು, ಲೇಖನ, ಪಠ್ಯಗಳುಂಟು. ಹೊಸ ಲೇಖಕರ ಪುಸ್ತಕಗಳನ್ನು ‘ಮೈಲ್ಯಾಂಗ್ ಬುಕ್ಸ್’ ಆ್ಯಪಿನಲ್ಲಿ ಇ-ಪುಸ್ತಕವಾಗಿಯೂ ಕೇಳುಪುಸ್ತಕವಾಗಿಯೂ ಕೊಳ್ಳಬಹುದು.

ಇಲ್ಲಿ ಒಂದು ಧರ್ಮದ ಮಾತು. ನಮ್ಮ ಕಾಯಿದೆಯಂತೆ ಲೇಖಕನು ತೀರಿಕೊಂಡ ವರ್ಷದ ನಂತರ ಅರುವತ್ತು ವರ್ಷ ಆತನ ಕೃತಿಗಳ ಹಕ್ಕು ವಾರಸುದಾರರದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಮತ್ತು ಟಿ. ಪಿ. ಕೈಲಾಸಂ ಅವರ, 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕೃತಿಗಳು ಈಗ ಎಲ್ಲರ ಸ್ವತ್ತು. ಕುವೆಂಪು, ಬೇಂದ್ರೆ, ಕಾರಂತರವು ಹಾಗಲ್ಲ. ಅವನ್ನು ಯಾರೋ ವಾಟ್ಸಾಪಿನಲ್ಲಿ ಕಳಿಸಿದರೆಂದು ಪುಕ್ಕಟೆ ಓದುವುದು ಸಲ್ಲದು. ಹದಿನೈದು ಸಾವಿರದ ಹಲಗೆ ಕೊಂಡವರು ನೂರೈವತ್ತರ ಪುಸ್ತಕಕ್ಕೆ ಕೈ ಹಿಡಿಯಬಾರದು.

ಕಿವಿಗೆ ಬೇಕಾದದ್ದೂ ಇದೆ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಎ.ಐ.ಆರ್.’ ಆ್ಯಪಿನಲ್ಲಿ ಬೆಂಗಳೂರು, ಧಾರವಾಡ ಆಕಾಶವಾಣಿ ಕೇಂದ್ರಗಳನ್ನು ದಿಲ್ಲಿಯಲ್ಲಿ ಕುಳಿತೂ ಕೇಳಬಹುದು. ಧಾರವಾಡದ ಸೀಮೆಯಿಂದ ಬಂದ ಅಜ್ಜಿಗೆ ಬೆಳಗಿನ ಹೊತ್ತು ಅದನ್ನು ಹಚ್ಚಿಕೊಟ್ಟರೆ ಹಗಲು ಅಷ್ಟು ಉದ್ದವಾಗಿರದು. ಅಕ್ಷರ ರೂಪದ ಪುಟವನ್ನು ಯಂತ್ರವೇ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿದೆ. ಧ್ವನಿ ಸ್ವಲ್ಪ ಒರಟು. ಆದರೂ ಪೊರೆ ಬಂದ ಕಣ್ಣಿಗೆ ಅದು ಉಪಕಾರವೇ.

ಮೊದಲ ದಿನದ ಕೆಲಸ

ಹೊಸ ಟ್ಯಾಬ್ಲೆಟ್ಟನ್ನು ಹಿರಿಯರ ಕೈಗೆ ಹಾಗೆಯೇ ಕೊಟ್ಟು ಹೋಗಬೇಡಿ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ. ಅಕ್ಷರದ ಗಾತ್ರ ಹೆಚ್ಚಿಸಿ. ಮೊದಲ ಪುಟದಲ್ಲಿ ನಾಲ್ಕೇ ಗುರುತುಗಳಿರಲಿ: ಪತ್ರಿಕೆ, ಪುಸ್ತಕ, ರೇಡಿಯೋ, ಮೊಮ್ಮಕ್ಕಳೊಡನೆ ಮಾತಾಡುವ ವಿಡಿಯೋ ಕರೆ. ಬೇಡದ ಆ್ಯಪುಗಳನ್ನು ಕಿತ್ತುಹಾಕಿ. ಎಲ್ಲರೂ ಮುಟ್ಟುವ ಹಲಗೆಯಲ್ಲಿ ಬ್ಯಾಂಕು, ಹಣ ಕಳಿಸುವ ಆ್ಯಪುಗಳನ್ನು ಹಾಕಲೇಬಾರದು. ಮಕ್ಕಳಿಗೆ ಪ್ರತ್ಯೇಕ ಖಾತೆ ಮಾಡಿ ‘ಫ್ಯಾಮಿಲಿ ಲಿಂಕ್’ನಿಂದ ಹೊತ್ತು ಗೊತ್ತುಮಾಡಿ. ಊಟದ ತಟ್ಟೆಯ ಮುಂದೆ ಮಾತ್ರ ಅದು ಬೇಡವೆಂಬ ಕಟ್ಟಳೆ ಮೊದಲ ದಿನವೇ ಆಗಲಿ, ಆಮೇಲೆ ಮಾಡುವುದು ಕಷ್ಟ.

ಕೊನೆಯದಾಗಿ, ಇದರಿಂದ ಏನಾಗದು ಎಂಬುದನ್ನೂ ಹೇಳಬೇಕು. ಟ್ಯಾಬ್ಲೆಟ್ ಮನೆಗೆ ಬಂದ ಮಾತ್ರಕ್ಕೆ ಮಕ್ಕಳಿಗೆ ಕನ್ನಡ ಬಾರದು. ಅವರ ಕೈಗೆ ಒಂಟಿಯಾಗಿ ಕೊಟ್ಟರೆ ಅವರು ಇಂಗ್ಲಿಷಿನ ಆಟವನ್ನೇ ಆಡುತ್ತಾರೆ. ಅದು ಅವರ ತಪ್ಪಲ್ಲ. ಅಜ್ಜಿಗೆ ಓದಲು ಬರುತ್ತದೆ, ಹಲಗೆ ನಡೆಸಲು ಬರುವುದಿಲ್ಲ. ಮೊಮ್ಮಗನಿಗೆ ಹಲಗೆ ನಡೆಸಲು ಬರುತ್ತದೆ, ಓದಲು ಬರುವುದಿಲ್ಲ. ಇಬ್ಬರನ್ನೂ ದಿನಕ್ಕೆ ಅರ್ಧ ಗಂಟೆ ಅಕ್ಕಪಕ್ಕ ಕೂರಿಸಿ. ಆತ ಪುಟ ತೆರೆದುಕೊಡಲಿ, ಆಕೆ ಸಾಲಿನ ಕೆಳಗೆ ಬೆರಳಿಟ್ಟು ಓದಿಸಲಿ. ದೊಡ್ಡ ಪರದೆಗೆ ಎರಡು ಮೂರು ಸಾವಿರ ಹೆಚ್ಚು ಕೊಟ್ಟದ್ದು ಅಲ್ಲಿಗೆ ಸಾರ್ಥಕವಾಗುತ್ತದೆ.