ಮನೌಸ್: ನದಿಯ ಜೊತೆ ಏರಿಳಿಯುವ ದಕ್ಕೆ

ಬ್ರೆಜಿಲ್‌ನ ಮನೌಸ್ ನಗರ ಅಟ್ಲಾಂಟಿಕ್ ಸಾಗರದಿಂದ ಸುಮಾರು 1,500 ಕಿ.ಮೀ. ಒಳಗೆ, ಅಮೆಜಾನ್ ಮಳೆಕಾಡಿನ ನಟ್ಟನಡುವೆ ಇದೆ. ಆದರೂ ಅದು ಬಂದರು. ಸಾಗರದ ದೊಡ್ಡ ಹಡಗುಗಳು ನದಿಯಲ್ಲೇ ಸಾಗಿ ಅಲ್ಲಿಗೆ ತಲುಪುತ್ತವೆ. ಅಲ್ಲಿಗೆ ಹೋಗುವ ಪ್ರವಾಸಿಗರ ಮೊದಲ ಭೇಟಿ ಸಾಮಾನ್ಯವಾಗಿ ಗುಡ್ಡದ ಮೇಲಿನ ತೆಯಾತ್ರೊ ಅಮೆಜೋನಾಸ್ ಎಂಬ ಒಪೆರಾ ರಂಗಮಂದಿರಕ್ಕೆ. ಅಲ್ಲಿ ಕೇಳಿಬರುವ ಕಥೆಯೂ ಹೆಚ್ಚುಕಡಿಮೆ ಒಂದೇ: ರಬ್ಬರ್ ದೊರೆಗಳಿಗೆ ಹಣದ ಮದವೇರಿತು, ಕಾಡಿನಲ್ಲಿ ಸಂಗೀತದ ಅರಮನೆ ಎದ್ದಿತು, ಒಬ್ಬ ಇಂಗ್ಲೆಂಡಿನವನು ರಬ್ಬರ್ ಬೀಜ ಕದ್ದ, ಊರು ಹಾಳಾಯಿತು. ವರ್ನರ್ ಹೆರ್ಜೋಗ್ 1982ರಲ್ಲಿ ತೆಗೆದ ‘ಫಿಟ್ಸ್‌ಕರಾಲ್ಡೊ’ ಚಿತ್ರ ಈ ಕಥೆಗೆ ಲೋಕವ್ಯಾಪಿ ಪ್ರಚಾರ ಕೊಟ್ಟಿತು. ಚಿತ್ರದ ಆರಂಭದಲ್ಲಿ ಗಾಯಕ ಕರೂಸೊ ಆ ವೇದಿಕೆಯಲ್ಲಿ ಹಾಡುತ್ತಾನೆ; ನಿಜದಲ್ಲಿ ಆತ ಅಲ್ಲಿ ಎಂದೂ ಹಾಡಿಲ್ಲ. ಹಾಳಾಯಿತೆನ್ನುವ ಆ ಊರಿನಲ್ಲಿ ಇಂದು 20 ಲಕ್ಷಕ್ಕೂ ಹೆಚ್ಚು ಜನ ಬದುಕಿದ್ದಾರೆ. ಅವರು ಅಲ್ಲಿ ಏಕಿದ್ದಾರೆ ಎಂಬುದಕ್ಕೆ ಒಪೆರಾದ ಕಥೆಯಲ್ಲಿ ಉತ್ತರವಿಲ್ಲ. ಉತ್ತರ ಬೇಕಾದವರು ಗುಡ್ಡ ಇಳಿದು ದಕ್ಕೆಗೆ ಬರಬೇಕು. ಮನೌಸನ್ನು ಕಟ್ಟಿದ್ದು ಬಂದರು. ರಬ್ಬರ್ ಆ ಬಂದರಿನ ಮೂಲಕ ಹಾದುಹೋದ ಸರಕುಗಳಲ್ಲಿ ಒಂದು ಎಂಬುದು ಈ ಲೇಖನದ ವಾದ.

ಊರಿನ ಮುಂದೆ ಹರಿಯುವ ರಿಯೊ ನೀಗ್ರೊ ಕಪ್ಪು ನೀರಿನ ನದಿ. ಸ್ವಲ್ಪ ಕೆಳಗೆ ಅದು ಕೆಸರು ಬಣ್ಣದ ಸೊಲಿಮೋಯಿಸ್ ನದಿಯನ್ನು ಕೂಡಿಕೊಳ್ಳುತ್ತದೆ. ಎರಡೂ ನೀರು ಕೆಲವು ಕಿಲೋಮೀಟರ್ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಪ್ರವಾಸಿಗರು ದೋಣಿಯಲ್ಲಿ ಹೋಗಿ ನೋಡಿಬರುವುದು ಇದನ್ನೇ. ಬಂದರು ಕಟ್ಟುವವರಿಗೆ ತಲೆನೋವಾಗಿದ್ದು ಮಾತ್ರ ನೀರಿನ ಬಣ್ಣವಲ್ಲ, ಅದರ ಎತ್ತರ. ಜೂನ್ ಹೊತ್ತಿಗೆ ನದಿ ತುಂಬುತ್ತದೆ, ಅಕ್ಟೋಬರ್–ನವೆಂಬರ್‌ನಲ್ಲಿ ತಳ ಕಾಣುತ್ತದೆ. ಸಾಧಾರಣ ವರ್ಷದಲ್ಲೂ ನಡುವಿನ ಅಂತರ ಸುಮಾರು 10 ಮೀಟರ್. ಬಂದರಿನ ಅಳತೆಪಟ್ಟಿಯಲ್ಲಿ 1902ರಿಂದ ದಾಖಲೆ ಇದೆ. 2021ರ ಜೂನ್‌ನಲ್ಲಿ ನೀರು 30.02 ಮೀಟರ್ ಮುಟ್ಟಿತು, 2023ರ ಅಕ್ಟೋಬರ್‌ನಲ್ಲಿ 12.70ಕ್ಕೆ ಇಳಿಯಿತು. ಎರಡೂವರೆ ವರ್ಷಗಳ ಒಳಗೆ ಅದೇ ದಡದಲ್ಲಿ 17 ಮೀಟರ್‌ಗೂ ಮೀರಿದ ವ್ಯತ್ಯಾಸ! ಇಂಥ ಕಡೆ ಕಲ್ಲಿನ ದಕ್ಕೆ ಕಟ್ಟಿದರೆ ಅದು ಒಂದಷ್ಟು ತಿಂಗಳು ನೀರಿನಡಿ ಮುಳುಗಿರುತ್ತದೆ, ಇನ್ನಷ್ಟು ತಿಂಗಳು ಹಡಗಿನಿಂದ ದೂರವಾಗಿ ಕೆಸರಿನಲ್ಲಿ ನಿಂತಿರುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮನೌಸ್ ಹಾರ್ಬರ್ ಎಂಬ ಇಂಗ್ಲಿಷ್ ಬಂಡವಾಳದ ಕಂಪನಿ ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿತ್ತು. ಟೊಳ್ಳು ಕಬ್ಬಿಣದ ತೆಪ್ಪಗಳನ್ನು ಸಾಲಾಗಿ ಜೋಡಿಸಿ, ನದಿಯ ತಳಕ್ಕೆ ಸರಪಳಿಯಿಂದ ಬಿಗಿದು, ಮೇಲೆ ಹಲಗೆ ಹಾಸಿದರು. ದಡದಿಂದ ಅಲ್ಲಿಗೆ ಹೋಗುವ ಸೇತುವೆಯೂ ನೀರಿನ ಮಟ್ಟಕ್ಕೆ ತಕ್ಕಂತೆ ಬಾಗುತ್ತದೆ. ನದಿ ಏರಿದರೆ ದಕ್ಕೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಹಡಗಿನ ಅಟ್ಟಕ್ಕೂ ದಕ್ಕೆಗೂ ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ. ನದಿಯನ್ನು ತಡೆಯಲು ಹೋಗದೆ ಅದರ ಲಯಕ್ಕೆ ತಾನೇ ಹೊಂದಿಕೊಂಡ ಈ ರಚನೆ ಒಪೆರಾ ಮಂದಿರಕ್ಕಿಂತ ದೊಡ್ಡ ಸಾಧನೆ ಎಂದು ನನಗನ್ನಿಸುತ್ತದೆ.

ಒಪೆರಾ ಮಂದಿರವೂ ಬಂದರಿನ ಕೂಸೇ. ರಬ್ಬರ್ ದೊರೆಗಳು ಖಯಾಲಿಗೆ ಕಟ್ಟಿದ್ದು ಎಂಬ ಮಾತು ದಾಖಲೆಗೆ ಹೊಂದುವುದಿಲ್ಲ. 1881ರಲ್ಲಿ ಪ್ರಾಂತ್ಯದ ಶಾಸನಸಭೆಯಲ್ಲಿ ಪ್ರಸ್ತಾಪವಾಗಿ, ಸರ್ಕಾರದ ಹಣದಲ್ಲಿ ಕೆಲಸ ಶುರುವಾಗಿ, ನಡುವೆ ನಿಂತು, 1896ರ ಡಿಸೆಂಬರ್ 31ರಂದು ಉದ್ಘಾಟನೆಗೊಂಡ ಸಾರ್ವಜನಿಕ ಕಟ್ಟಡ ಅದು. ಆ ಹಣ ಮುಖ್ಯವಾಗಿ ಬಂದದ್ದು ಬಂದರಿನಲ್ಲಿ ರಬ್ಬರ್ ರಫ್ತಿನ ಮೇಲೆ ವಸೂಲಾದ ಸುಂಕದಿಂದ. ಗವರ್ನರ್ ಆಗಿದ್ದ ಎಡ್ವಾರ್ಡೊ ರಿಬೈರೊ, ಆ ಕಾಲದ ಬ್ರೆಜಿಲ್‌ನಲ್ಲಿ ಅಂಥ ಹುದ್ದೆಗೇರಿದ ಬೆರಳೆಣಿಕೆಯ ಕಪ್ಪು ಜನಾಂಗದವರಲ್ಲಿ ಒಬ್ಬ, ಊರಿನೊಳಗೆ ಹರಿಯುತ್ತಿದ್ದ ತೊರೆಗಳನ್ನು ಮುಚ್ಚಿಸಿ ಅಗಲ ಬೀದಿಗಳನ್ನು ಮಾಡಿಸಿದ. ಇಂದು ಅವನ ಹೆಸರಿರುವ ಹೆಬ್ಬೀದಿಯ ಅಡಿಯಲ್ಲೂ ಅಂಥದೊಂದು ತೊರೆ ಇತ್ತು. ಸುತ್ತ ಸಾವಿರಾರು ಮೈಲಿ ಕಾಡಿದ್ದರೂ ಮಂದಿರದ ಅಮೃತಶಿಲೆ ಇಟಲಿಯಿಂದ ಬಂತು, ಕಬ್ಬಿಣ ಬ್ರಿಟನ್ನಿನಿಂದ ಬಂತು. ಇದನ್ನು ಬರೀ ಶೋಕಿ ಎನ್ನುವವರು ಹಡಗಿನ ಲೆಕ್ಕವನ್ನು ಮರೆಯುತ್ತಾರೆ. ರಬ್ಬರ್ ಒಯ್ಯಲು ಲಿವರ್‌ಪೂಲ್‌ನಿಂದ ಹಡಗು ಹೇಗೂ ಬರಬೇಕಿತ್ತು; ಬರುವಾಗ ಹೊತ್ತು ತರಲು ಏನಾದರೂ ಸರಕು ಬೇಕಿತ್ತು. ಒಳನಾಡಿನ ದಾರಿಗಳೇ ಇಲ್ಲದ ಮನೌಸಿಗೆ ಯುರೋಪು ಬ್ರೆಜಿಲ್‌ನ ಎಷ್ಟೋ ಊರುಗಳಿಗಿಂತ ಹತ್ತಿರವಿತ್ತು.

ರಬ್ಬರ್ ಇಲ್ಲದಿದ್ದರೆ ಈ ದಕ್ಕೆಯಾಗಲಿ ಸುಂಕವಾಗಲಿ ಎಲ್ಲಿರುತ್ತಿತ್ತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 1669ರಲ್ಲಿ ಪೋರ್ಚುಗೀಸರು ಕಟ್ಟಿದ ಸಣ್ಣ ಕೋಟೆಯ ಸುತ್ತ ಬೆಳೆದ ಊರಿಗೆ ಹಣ ತಂದದ್ದು ರಬ್ಬರೇ. ಆದರೆ ಕ್ರಮವನ್ನು ಗಮನಿಸಬೇಕು. 1853ರಲ್ಲಿ ಅಮೆಜಾನ್‌ನಲ್ಲಿ ಉಗಿಹಡಗು ಓಡತೊಡಗಿತು, 1867ರಲ್ಲಿ ನದಿ ವಿದೇಶಿ ಹಡಗುಗಳಿಗೂ ತೆರೆಯಿತು. ರಬ್ಬರ್‌ನ ಮಹಾ ಏರಿಕೆ ಇದರ ನಂತರದ್ದು. ರಬ್ಬರ್ ಮರ ಮನೌಸಿನಲ್ಲಿ ಸಾಲಾಗಿ ಬೆಳೆಯುತ್ತಿರಲಿಲ್ಲ. ನೂರಾರು ಮೈಲಿ ಆಚೆಯ ಉಪನದಿಗಳ ಕಾಡಿನಲ್ಲಿ ಚದುರಿ ನಿಂತಿತ್ತು. ಊರು ಮಾಡಿದ್ದು ತೂಕ, ಸಾಲ ಮತ್ತು ಸಾಗಣೆಯ ಕೆಲಸ. ಆ ಸಾಲದ ಸರಪಳಿ ಕ್ರೂರವಾಗಿತ್ತು. 1877ರಿಂದ ಸಿಯಾರಾ ಸೀಮೆಯಲ್ಲಿ ಬಿದ್ದ ಭೀಕರ ಬರದಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಜನರನ್ನು ರಬ್ಬರ್ ಕಾಡಿಗೆ ಸಾಗಿಸಲಾಯಿತು. ಬಂದರಿನ ವ್ಯಾಪಾರಿ ಕಾಡಿನ ಧಣಿಗೆ ಸಾಮಾನು ಉದ್ದರಿ ಕೊಡುತ್ತಿದ್ದ, ಧಣಿ ಅದನ್ನೇ ಬೆಲೆ ಏರಿಸಿ ಕೂಲಿಯವನಿಗೆ ಕೊಡುತ್ತಿದ್ದ. ದೋಣಿಯ ಬಾಡಿಗೆ, ಕತ್ತಿ, ಹಿಟ್ಟು ಎಲ್ಲ ಲೆಕ್ಕದ ಪುಸ್ತಕಕ್ಕೆ ಏರುತ್ತಿದ್ದವು. ಮೊದಲ ಮರಕ್ಕೆ ಗೀರು ಹಾಕುವ ಮೊದಲೇ ಆತ ಸಾಲಗಾರ. ನಸುಕಿನಲ್ಲಿ ಕಾಡುಹಾದಿ ಸುತ್ತಿ ಹಾಲು ಇಳಿಸಿ, ಸಂಜೆ ಹೊಗೆಯ ಮುಂದೆ ಕೂತು ಅದನ್ನು ಉಂಡೆ ಕಟ್ಟಿದರೂ ಸಾಲ ತೀರುತ್ತಿರಲಿಲ್ಲ. ಮೇಲ್ಹರಿವಿನ ಪುಟುಮಾಯೊ ಕಾಡಿನ ಮೂಲನಿವಾಸಿಗಳ ಗತಿಯಂತೂ ಇದಕ್ಕಿಂತ ಘೋರ. 1910ರಲ್ಲಿ ತನಿಖೆಗೆ ಹೋದ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ಚಿತ್ರಹಿಂಸೆ, ಕೊಲೆಗಳನ್ನು ದಾಖಲಿಸಿದ. ಆ ರಬ್ಬರ್ ಕೂಡ ಇದೇ ಅಮೆಜಾನ್ ನದಿಯಲ್ಲಿಳಿದು ಲಂಡನ್ನಿನ ಪೇಟೆ ಸೇರಿತು. ಬಂದರು ಈ ಊರನ್ನು ಕಟ್ಟಿತು ಎನ್ನುವಾಗ ಈ ಪಾಪದ ಪಾಲನ್ನೂ ಬಂದರಿನ ಲೆಕ್ಕಕ್ಕೇ ಬರೆಯಬೇಕು.

ಇನ್ನು ಬೀಜದ ಕಳ್ಳತನ. 1876ರಲ್ಲಿ ಹೆನ್ರಿ ವಿಕ್ಯಾಮ್ ತಪಜೋಸ್ ನದಿಯ ಸೀಮೆಯಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದ. ಮೊಳೆತವು 2,700ರಷ್ಟು, ಅದರಲ್ಲಿ ಹೆಚ್ಚಿನ ಸಸಿಗಳು ಸಿಲೋನಿಗೆ (ಇಂದಿನ ಶ್ರೀಲಂಕಾಕ್ಕೆ) ಹೋದವು. 1913ರ ಹೊತ್ತಿಗೆ ಏಷ್ಯಾದ ತೋಟಗಳ ಉತ್ಪಾದನೆ ಅಮೆಜಾನ್‌ನದನ್ನು ಮೀರಿಸಿತು, ಬೆಲೆ ಕುಸಿಯಿತು. ಇಷ್ಟು ನಿಜ. ಆದರೆ ಅಮೆಜಾನ್ ತನ್ನ ನೆಲದಲ್ಲೇ ತೋಟ ಹಾಕಿ ಸ್ಪರ್ಧಿಸಲಿಲ್ಲವೇಕೆ? ಹೆನ್ರಿ ಫೋರ್ಡ್ ಅದನ್ನು ಮಾಡಿ ನೋಡಿದ. 1928ರಲ್ಲಿ ಅದೇ ತಪಜೋಸ್ ದಡದಲ್ಲಿ ಶುರುವಾದ ಫೋರ್ಡ್‌ಲ್ಯಾಂಡಿಯಾ ತೋಟದಲ್ಲಿ ಮರಗಳು ಒತ್ತೊತ್ತಾಗಿ ಬೆಳೆಯುತ್ತಿದ್ದಂತೆ ಎಲೆರೋಗದ ಶಿಲೀಂಧ್ರ ಮರದಿಂದ ಮರಕ್ಕೆ ಹಬ್ಬಿತು. 1945ರಲ್ಲಿ ಕಂಪನಿ ಎಲ್ಲವನ್ನೂ ಬ್ರೆಜಿಲ್ ಸರ್ಕಾರಕ್ಕೆ ಮಾರಿ ಹೊರಟಿತು. ಕಾಡಿನಲ್ಲಿ ಮರಗಳು ದೂರದೂರ ನಿಂತದ್ದರಿಂದಲೇ ಬದುಕಿದ್ದವು, ಆ ದೂರವೇ ಅಲ್ಲಿನ ರಬ್ಬರನ್ನು ದುಬಾರಿ ಮಾಡಿತ್ತು. ಏಷ್ಯಾಕ್ಕೆ ಹೋದ ಬೀಜದ ಜೊತೆ ಆ ರೋಗ ಹೋಗಲಿಲ್ಲ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳು ನೆಮ್ಮದಿಯಾಗಿ ಸಾಲುಗಟ್ಟಿ ನಿಂತಿರುವುದು ಈ ಕಾರಣಕ್ಕೆ. ಸುಳ್ಯ ಸೀಮೆಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯಲು ಬಂದವರು 1964ರ ಭಾರತ–ಸಿಲೋನ್ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕರು. ಸಸಿ ಬಂದ ದ್ವೀಪದಿಂದಲೇ ಕೆಲಸದವರೂ ಬಂದರು. ರಬ್ಬರ್‌ನ ಚರಿತ್ರೆ ಎಲ್ಲಿ ಹೋದರೂ ನೆಲೆ ತಪ್ಪಿದವರನ್ನು ಜೊತೆಗೆ ಕರೆದೊಯ್ದಿದೆ.

ಬೆಲೆ ಬಿದ್ದ ಮೇಲೆ ಮನೌಸಿನ ಸಿರಿವಂತರು ಹೋದರು, ಬಡವರು ಬಂದರು. ದಿವಾಳಿಯಾದ ರಬ್ಬರ್ ಧಣಿಗಳ ಕಾಡಿನಿಂದ ಹೊರಬಿದ್ದ ಕುಟುಂಬಗಳಿಗೆ ಊರಿನಲ್ಲಿ ನೆಲ ಸಿಗಲಿಲ್ಲ. ಅವರು ದೊಡ್ಡ ಮರದ ದಿಮ್ಮಿಗಳನ್ನು ನೀರಿಗೆ ಬಿಟ್ಟು ಮೇಲೆ ಮನೆ ಕಟ್ಟಿದರು. 1920ರ ದಶಕದಿಂದ ಬೆಳೆದ ಈ ‘ತೇಲು ನಗರ’ದಲ್ಲಿ 1960ರ ದಶಕದ ಹೊತ್ತಿಗೆ ಸುಮಾರು ಎರಡು ಸಾವಿರ ಮನೆಗಳಿದ್ದವು, ಅಂಗಡಿ, ಹೋಟೆಲು, ದುರಸ್ತಿ ಕೆಲಸ ಎಲ್ಲವೂ ನೀರಿನ ಮೇಲೆ, ಹಲಗೆಯ ಓಣಿಗಳಲ್ಲಿ. ಇಂಗ್ಲಿಷ್ ಎಂಜಿನಿಯರುಗಳು ಕಬ್ಬಿಣದಲ್ಲಿ ಮಾಡಿದ್ದನ್ನು ಅವರು ಮರದಲ್ಲಿ, ಯಾರ ಬಂಡವಾಳವೂ ಇಲ್ಲದೆ ಮಾಡಿದ್ದರು. ಸೈನಿಕ ಆಡಳಿತದ ಕಾಲದಲ್ಲಿ, 1967ರ ಹೊತ್ತಿಗೆ, ಅದನ್ನು ಪೂರ್ತಿ ಕಿತ್ತುಹಾಕಲಾಯಿತು. ಮನೌಸಿನಲ್ಲೇ ಹುಟ್ಟಿದ ಕಾದಂಬರಿಕಾರ ಮಿಲ್ಟನ್ ಹಟೂಮ್ ‘ದೋಯಿಸ್ ಇರ್ಮಾವೊಸ್’ ಕಾದಂಬರಿಯಲ್ಲಿ ಆ ನೆಲಸಮವನ್ನು ಚಿತ್ರಿಸಿದ್ದಾರೆ. ಅಲ್ಲಿ ಕೊಳಚೆ ಇತ್ತು, ರೋಗವಿತ್ತು ಎಂಬ ಸಮರ್ಥನೆ ಸುಳ್ಳೇನಲ್ಲ. ಆದರೆ ಕೊಳಚೆಗೆ ಮದ್ದು ಚರಂಡಿ ಮತ್ತು ಶುದ್ಧ ನೀರು; ಮನೆ ಕಿತ್ತದ್ದರಿಂದ ಬಡತನ ದಡಕ್ಕೆ ಹತ್ತಿತು, ಅಷ್ಟೆ. ತೊರೆಗಳ ಅಂಚಿನ ಕಂಬದ ಮನೆಗಳಲ್ಲಿ ಅದು ಮುಂದುವರಿಯಿತು.

ಅದೇ 1967ರಲ್ಲಿ ಮನೌಸ್ ಸುಂಕಮುಕ್ತ ವಲಯವಾಯಿತು. ಇಂದು ಅಲ್ಲಿ ಟಿವಿ, ಮೋಟಾರ್‌ಸೈಕಲ್ ಮುಂತಾದವು ತಯಾರಾಗುತ್ತವೆ. ಇದು ದೂರದ ರಾಜಧಾನಿಯ ಸರ್ಕಾರದ ತೆರಿಗೆ ರಿಯಾಯಿತಿಯ ಫಲ, ನದಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ರಿಯಾಯಿತಿ ಕಾರ್ಖಾನೆಯನ್ನು ತಂದಿತು, ಒಪ್ಪೋಣ. ಬಿಡಿಭಾಗ ತರುವುದು, ಮಾಲು ಒಯ್ಯುವುದು ಇಂದಿಗೂ ಬಹುಮಟ್ಟಿಗೆ ನದಿಯೇ. ದಕ್ಷಿಣಕ್ಕೆ ಪೋರ್ಟೊ ವೆಲ್ಯೊ ತನಕ 1976ರಲ್ಲಿ ತೆರೆದ ಬಿಆರ್-319 ರಸ್ತೆ 1980ರ ದಶಕದ ಕೊನೆಯ ಹೊತ್ತಿಗೆ ಕಾಡು, ಕೆಸರಿನ ಪಾಲಾಯಿತು. 2023ರಲ್ಲಿ ನದಿ ಬತ್ತಿದಾಗ ದೊಡ್ಡ ಹಡಗುಗಳು ಬರಲಾಗದೆ ಕಾರ್ಖಾನೆಗಳಿಗೆ ಬಿಸಿ ತಟ್ಟಿತು. 2024ರಲ್ಲಿ ನೀರು ಇನ್ನೂ ಕೆಳಗಿಳಿದಾಗ ಬಂದರಿನವರು ಕೆಳಹರಿವಿನ ಇಟಕೊವಾಚಿಯಾರಾದಲ್ಲಿ ತಾತ್ಕಾಲಿಕ ತೇಲು ದಕ್ಕೆಗಳನ್ನು ನಿಲ್ಲಿಸಿ, ಅಲ್ಲೇ ಹಡಗಿನಿಂದ ಕಂಟೇನರ್ ಇಳಿಸಿ ಚಪ್ಪಟೆ ತಳದ ದೋಣಿಗಳಲ್ಲಿ ಮನೌಸಿಗೆ ತಂದರು. ಇನ್ನೊಂದು ಕಡೆ ನದಿಯ ತಳ ಅಗೆದು ದಾರಿ ಆಳ ಮಾಡುವ ಕೆಲಸವೂ ನಡೆದಿದೆ. ಮೊದಲನೆಯ ದಾರಿಯೇ ಈ ಊರಿಗೆ ಒಗ್ಗಿದ್ದು ಎಂದು ನಾನು ನಂಬುತ್ತೇನೆ: ಅಗೆದ ಹೂಳನ್ನು ಅಮೆಜಾನ್ ಮತ್ತೊಂದು ನೆರೆಯಲ್ಲಿ ತಂದು ತುಂಬಬಲ್ಲದು, ತೇಲುವ ದಕ್ಕೆಯನ್ನಾದರೋ ನೀರಿದ್ದಲ್ಲಿಗೆ ಎಳೆದೊಯ್ಯಬಹುದು.