ಜೋಡಿ ಒಡೆಯದ ಕೈಗಳು

ಮೈಸೂರಿನ ಒಂದು ಬಡಾವಣೆಯಲ್ಲಿ ಚರಂಡಿ ಕೆಲಸಕ್ಕೆ ಬಂದ ಜೆಸಿಬಿ, ನೆಲದಡಿಯ ಟೆಲಿಫೋನ್ ಕೇಬಲ್ಲನ್ನು ಕಿತ್ತುಹಾಕಿತ್ತು. ಮಾರನೆಯ ದಿನ ಆ ಗುಂಡಿಯ ಅಂಚಿನಲ್ಲಿ ನಿಂತು ನೋಡಿದ ಕೆಲಸ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಂಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದರು ಕೇಬಲ್ ಕೂಡಿಸುವ ಹಿರಿಯ ಜಾಯಿಂಟರ್. ಎದುರಿಗೆ ಕೆಲಸ ಕಲಿಯುತ್ತಿದ್ದ ಹುಡುಗ. ಇಬ್ಬರ ನಡುವೆ, ತುಂಡಾದ ಕೇಬಲ್ಲಿನ ಎರಡು ತುದಿಗಳಿಂದ ಹೊರಬಿದ್ದ ಬಣ್ಣಬಣ್ಣದ ತಂತಿಗಳ ರಾಶಿ.

"ಸಿಕ್ಕು ಬಿಡಿಸೋ ಆತುರದಲ್ಲಿ ಜೋಡಿ ಒಡೀಬೇಡ ಕಣೋ" ಎಂದರು ಅವರು.

"ಇಲ್ಲ ಅಣ್ಣಾ" ಎಂದ ಹುಡುಗ.

ಆ ಒಂದು ಮಾತಿನಲ್ಲಿ ಇಡೀ ಕಸುಬು ಅಡಗಿದೆ. ಈಗ ಆ ಕಸುಬು ಮುಗಿಯುವ ಹಂತಕ್ಕೆ ಬಂದಿದೆ. ಬಿಎಸ್‌ಎನ್‌ಎಲ್ ತನ್ನ ತಾಮ್ರದ ಲ್ಯಾಂಡ್‌ಲೈನ್‌ಗಳನ್ನು ಫೈಬರ್‌ಗೆ ವರ್ಗಾಯಿಸುತ್ತಿದೆ. ಬ್ರಿಟನ್ನಿನ ಬಿಟಿ ಕಂಪನಿಯಂತೂ ಹಳೆಯ ದೂರವಾಣಿ ಜಾಲವನ್ನೂ ಕಚೇರಿಗಳು ಹೆಚ್ಚಾಗಿ ಬಳಸುತ್ತಿದ್ದ ಐಎಸ್‌ಡಿಎನ್ ಸೇವೆಯನ್ನೂ 2027ರ ಜನವರಿ ಕೊನೆಗೆ ಪೂರ್ತಿ ನಿಲ್ಲಿಸುವುದಾಗಿ ಹೇಳಿದೆ. ತಾಮ್ರ ಹೋಗುವ ಮೊದಲು, ಅದನ್ನು ಕಾಪಾಡಿದ ಕೈಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಒಂದು ಫೋನಿಗೆ ಎರಡು ತಂತಿ ಬೇಕು. ನೂರಾರು ಫೋನುಗಳ ತಂತಿಗಳು ಒಂದೇ ಕೇಬಲ್ಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕಿಲೋಮೀಟರುಗಟ್ಟಲೆ ಸಾಗುತ್ತವೆ. ಹಾಗಿದ್ದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಏಕೆ ಬೀಳುವುದಿಲ್ಲ? ಗುಟ್ಟು ಇರುವುದು ಹೊಸೆತದಲ್ಲಿ. ಬತ್ತಿ ಹೊಸೆದ ಹಾಗೆ ಎರಡು ತಂತಿಗಳನ್ನು ಒಂದರ ಸುತ್ತ ಒಂದು ಹೊಸೆದಿರುತ್ತಾರೆ. ಹೊರಗಿನಿಂದ ಬರುವ ಸದ್ದು ಎರಡರ ಮೇಲೂ ಹೆಚ್ಚುಕಮ್ಮಿ ಸಮನಾಗಿ ಬೀಳುತ್ತದೆ. ಫೋನು ಕೇಳಿಸಿಕೊಳ್ಳುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹಾಗಾಗಿ ಆ ಸದ್ದು ಅಲ್ಲೇ ಅಳಿದುಹೋಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಅಕ್ಕಪಕ್ಕದ ಜೋಡಿಗಳು ಒಂದೇ ಲಯದಲ್ಲಿ ತಿರುಗದಂತೆ, ಒಂದೊಂದು ಜೋಡಿಗೆ ಒಂದೊಂದು ಅಳತೆಯ ಹೊಸೆತ.

ಇಷ್ಟು ಜೋಡಿಗಳಲ್ಲಿ ಯಾವುದು ಯಾವುದು ಎಂದು ಗುರುತಿಸಲು ಬಣ್ಣಗಳ ಲೆಕ್ಕವಿದೆ. ಒಂದು ತಂತಿಗೆ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಅದರ ಜೊತೆಗಾರನಿಗೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಬಿಳಿಗೆ ನೀಲಿ ಸೇರಿದರೆ ಮೊದಲನೆಯ ಜೋಡಿ, ಬಿಳಿಗೆ ಕಿತ್ತಳೆ ಸೇರಿದರೆ ಎರಡನೆಯದು. ಹೀಗೆ ಹತ್ತೇ ಬಣ್ಣಗಳಲ್ಲಿ ಇಪ್ಪತ್ತೈದು ಜೋಡಿಗಳಿಗೆ ಹೆಸರು. ಕೇಬಲ್ ದೊಡ್ಡದಾದರೆ ಜೋಡಿಗಳನ್ನು ಕಂತೆ ಮಾಡಿ, ಕಂತೆಗೂ ಬಣ್ಣದ ದಾರ ಸುತ್ತಿರುತ್ತಾರೆ. ಗುಂಡಿಯಲ್ಲಿದ್ದ ಹುಡುಗ "ವೈಟ್-ಬ್ಲೂ, ವೈಟ್-ಆರೆಂಜ್, ವೈಟ್-ಗ್ರೀನ್" ಎಂದು ಮಗ್ಗಿ ಒಪ್ಪಿಸುವವನಂತೆ ಹೇಳುತ್ತಿದ್ದ. ಹಿರಿಯರ ತುಟಿ ಅಲುಗುತ್ತಿರಲಿಲ್ಲ, ಬೆರಳೇ ಎಣಿಸುತ್ತಿತ್ತು.

ಇನ್ನು ಜೋಡಿ ಒಡೆಯುವುದೆಂದರೆ ಏನು? ಒಂದು ಜೋಡಿಯ ಬಿಳಿಯನ್ನು ಪಕ್ಕದ ಜೋಡಿಯ ಬಿಳಿ ಎಂದು ತಿಳಿದು, ಎರಡೂ ತುದಿಗಳಲ್ಲಿ ಅದೇ ತಪ್ಪು ಮಾಡಿ ಸೇರಿಸಿದರೆ ಲೈನು ಬದುಕಿಯೇ ಇರುತ್ತದೆ. ಡಯಲ್ ಟೋನ್ ಬರುತ್ತದೆ, ಗಂಟೆ ಬಾರಿಸುತ್ತದೆ. ಮೀಟರಿಟ್ಟು ನೋಡಿದರೂ ತಂತಿ ಎಲ್ಲೂ ತುಂಡಾಗಿಲ್ಲ. ಆದರೆ ಒಟ್ಟಿಗೆ ಹೊಸೆದಿದ್ದ ಎರಡು ತಂತಿಗಳು ಬೇರೆ ಬೇರೆ ಮನೆಗೆ ಹೋಗಿರುತ್ತವೆ, ಹೊಸೆತದ ಕಾವಲು ತಪ್ಪಿರುತ್ತದೆ. ಆಗ ಎಲ್ಲಿಂದಲೋ ಇನ್ನಾರದೋ ಮಾತು ತೇಲಿಬರುತ್ತದೆ. ಸಾಮಾನ್ಯ ಮೀಟರಿಗೆ ಸಿಗದ ಈ ತಪ್ಪಿಗೆ ಒಳ್ಳೆಯ ಮದ್ದು: ಮೊದಲೇ ಆಗದಂತೆ ನೋಡಿಕೊಳ್ಳುವುದು. ಅದಕ್ಕೇ ಅವರು ಪ್ರತಿ ಜೋಡಿಯನ್ನೂ ಬಿಡಿಸಿದ ಕೂಡಲೇ ಎರಡು ಸುತ್ತು ಮತ್ತೆ ಹೊಸೆದು ಪಕ್ಕಕ್ಕೆ ಬಾಗಿಸಿ ಇಡುತ್ತಿದ್ದರು.

ಕೂಡಿಸುವ ಕೆಲಸ ನೋಡಲು ಸರಳ. ಅರ್ಧ ಮಿಲಿಮೀಟರ್ ದಪ್ಪದ ಎರಡು ತಂತಿಗಳನ್ನು ಸಿಪ್ಪೆ ಸುಲಿಯದೆ ಹಾಗೇ ಯುವೈ ಕನೆಕ್ಟರ್ ಎಂಬ, ಅಂಗಿಯ ಗುಂಡಿಯಷ್ಟು ಪುಟ್ಟ ಬಿಲ್ಲೆಯೊಳಗೆ ತೂರಿಸಿ ಇಕ್ಕಳದಿಂದ ಅದುಮುತ್ತಾರೆ. ಒಳಗಿನ ಲೋಹದ ಹಲ್ಲು ಪ್ಲಾಸ್ಟಿಕ್ಕನ್ನು ಸೀಳಿ ತಾಮ್ರವನ್ನು ಕಚ್ಚುತ್ತದೆ, ಸುತ್ತಲಿನ ಜೆಲ್ಲಿ ತೇವವನ್ನು ದೂರವಿಡುತ್ತದೆ. ತಂತಿ ತಳದವರೆಗೆ ಹೋಗಿದೆಯೇ ಎಂದು ಅವರು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಕೀಲಿನ ಮೇಲೆ ಸ್ಲೀವ್ ಎಂಬ ದಪ್ಪ ತೋಳು ಎಳೆದು ಬ್ಲೋ ಲ್ಯಾಂಪಿನ ಉರಿ ಹಿಡಿದರು. ಉರಿ ಒಂದೇ ಕಡೆ ನಿಂತರೆ ತೋಳು ಸುಡುತ್ತದೆ, ಬೇಗ ಸರಿದರೆ ಒಳಗಿನ ಅಂಟು ಕರಗುವುದಿಲ್ಲ. ದೋಸೆಯ ಹದ ಬಲ್ಲವರ ಕೈಯಂತೆ ಅವರ ಕೈ ಸುತ್ತಲೂ ಆಡುತ್ತಿತ್ತು. ತೋಳು ಕುಗ್ಗಿ ಕೇಬಲ್ಲನ್ನು ಅಪ್ಪಿಕೊಂಡಿತು.

ಇದಕ್ಕೂ ಹಿಂದಿನ ಕಾಲ ಇನ್ನೂ ಕಠಿಣ. ಆಗಿದ್ದದ್ದು ಕಾಗದ ಸುತ್ತಿದ ತಂತಿ, ಹೊರಗೆ ಸೀಸದ ಕವಚ. ಕರಗಿದ ಬೆಸುಗೆಯನ್ನು ಬಟ್ಟೆಯಿಂದ ಸವರಿ ಕೀಲು ಮುಚ್ಚಬೇಕಿತ್ತು. ಒಳಗೆ ತೇವ ಉಳಿದರೆ ಕಾಗದ ಅದನ್ನು ಹೀರಿ ಲೈನುಗಳು ಕೆಡುತ್ತಿದ್ದವು.

ಈ ಕೀಲುಗಳ ಮೇಲೆ ಎಷ್ಟು ಭಾರ ನಿಂತಿತ್ತು ನೋಡಿ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ವಿದ್ಯುತ್ತು ಅದೇ ಜೋಡಿಯಲ್ಲಿ ಹರಿದುಬರುತ್ತದೆ. ಅದರಿಂದಲೇ ಊರೆಲ್ಲ ಕರೆಂಟು ಹೋದರೂ ಫೋನಿಗೆ ಜೀವ ಇರುತ್ತಿತ್ತು. ಆ ಬ್ಯಾಟರಿಯ ಧನಧ್ರುವವನ್ನು ಭೂಮಿಗೆ ಸೇರಿಸಿರುತ್ತಾರೆ, ನೆಲದ ತೇವದಲ್ಲಿ ತಾಮ್ರ ಸವೆಯದಿರಲೆಂದು. ಆಸ್ಪತ್ರೆ, ಬ್ಯಾಂಕು, ಹೋಟೆಲುಗಳಿಗೆ ಕೊಡುತ್ತಿದ್ದ ಪಿಆರ್‌ಐ ಎಂಬ ಸೇವೆಯಲ್ಲಿ ಎರಡೇ ಜೋಡಿ ತಂತಿಗಳ ಮೇಲೂ ಏಕಕಾಲಕ್ಕೆ 30 ಮಾತುಕತೆ ಸಾಗಬಲ್ಲದು. ಪ್ರತಿ ದನಿಯನ್ನೂ ಸೆಕೆಂಡಿಗೆ 8,000 ಸಲ ಅಳೆದು, ಅಂಕಿಗಳಾಗಿಸಿ, ಸರದಿಯಲ್ಲಿ ಕಳಿಸುತ್ತಾರೆ. ಅಂಥ ಕಡೆ ಒಂದು ಕೀಲು ಸಡಿಲಾದರೆ ಮೂವತ್ತು ಬಾಯಿ ಒಟ್ಟಿಗೆ ಕಟ್ಟಿಹೋಗುತ್ತವೆ.

2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ ಸುಮಾರು 78,000 ನೌಕರರು ಸ್ವಯಂನಿವೃತ್ತಿ ಪಡೆದರು. ಯಾವ ರಸ್ತೆಯ ಕೆಳಗೆ ಯಾವ ಕೀಲಿದೆ ಎಂಬುದನ್ನು ನಕ್ಷೆಯಿಲ್ಲದೆ ಬಲ್ಲವರು ಅವರಲ್ಲಿದ್ದರು. ಕೀಲು ಚೆನ್ನಾಗಿ ಕೂತಷ್ಟೂ ಅದನ್ನು ಮತ್ತೆ ಅಗೆದು ನೋಡುವವರಿಲ್ಲ. ಹಾಗಾಗಿ ಅವರ ಒಳ್ಳೆಯ ಕೆಲಸವೆಲ್ಲ ಮಣ್ಣಿನಡಿಯೇ ಉಳಿಯಿತು.

ಆ ಹುಡುಗ ಈಗ ಫೈಬರ್ ಕೂಡಿಸುತ್ತಾನೆ. ಕೂದಲೆಳೆಯಂಥ ಗಾಜಿನ ಎರಡು ತುದಿಗಳನ್ನು ಎದುರುಬದುರು ಇಟ್ಟು ವಿದ್ಯುತ್ ಕಿಡಿಯಲ್ಲಿ ಬೆಸೆಯುವ ಕೆಲಸ. ಅಲ್ಲಿ ಜೋಡಿಯಿಲ್ಲ, ಹೊಸೆತವಿಲ್ಲ. ಆದರೆ ಎಳೆಗಳ ಬಣ್ಣ ನೋಡಿದೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಆಮೇಲೆ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ತಾಮ್ರದ ಅದೇ ಹತ್ತು ಬಣ್ಣ, ಕೊನೆಗೆ ಹೊಸದಾಗಿ ಸೇರಿದ ಗುಲಾಬಿ ಮತ್ತು ತಿಳಿನೀಲಿ. ಅವನು ಮೊದಲ ಹತ್ತನ್ನು ಕಲಿಯಬೇಕಾಗಿಯೇ ಇರಲಿಲ್ಲ. ಅವು ಗುಂಡಿಯಲ್ಲಿ ಅಣ್ಣನ ಎದುರು ಕೂತಾಗಲೇ ಬಾಯಿಗೆ ಬಂದಿದ್ದವು.