ಗಣಕಯಂತ್ರದಲ್ಲಿ ಹಾಡು ಓಡುತ್ತದೆ, ಧ್ವನಿ ಕೇಳಿಸುವುದಿಲ್ಲ: ದುರಸ್ತಿಗೆ ಒಯ್ಯುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಜತ್ತ ತಾಲೂಕಿನ ಉಮದಿ, ಸಂಖ, ಬಾಲಗಾಂವ ಮೊದಲಾದ ಗ್ರಾಮಗಳ ಕನ್ನಡ ಮಾಧ್ಯಮದ ಮಕ್ಕಳು ಪುಣೆಯ ಬಾಲಭಾರತಿ ಸಂಸ್ಥೆಯು ಪ್ರಕಟಿಸುವ ಕನ್ನಡ ಪಠ್ಯಪುಸ್ತಕಗಳನ್ನು ಓದುತ್ತಾರೆ. ಪುಸ್ತಕದಲ್ಲಿ ಪದ್ಯದ ಅಕ್ಷರಗಳಿವೆ. ಅದರ ಲಯ ಮತ್ತು ಶುದ್ಧ ಉಚ್ಚಾರ ಮಗುವಿಗೆ ತಿಳಿಯಬೇಕಾದರೆ ಯಾರಾದರೂ ಹಾಡಿ ತೋರಿಸಬೇಕು, ಇಲ್ಲವೇ ಧ್ವನಿಮುದ್ರಣವನ್ನು ಕೇಳಿಸಬೇಕು. ಮರಾಠಿಯು ಪೇಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕಚೇರಿಯಲ್ಲಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಮನೆಯಲ್ಲಿ ನಾವಾಡುವ ಕನ್ನಡವೂ ಕಿವಿಗೆ ಬೀಳುತ್ತದೆ. ಆದರೆ ಪುಸ್ತಕದ ಕನ್ನಡವನ್ನು ನಾವಾಗಿಯೇ ಪ್ರಯತ್ನಪಟ್ಟು ಕೇಳಿಸಬೇಕಾಗುತ್ತದೆ. ಆದ್ದರಿಂದ ಶಾಲೆಯ ಅಥವಾ ಮನೆಯ ಗಣಕಯಂತ್ರ ಮೂಕವಾದರೆ ಗಡಿಭಾಗದ ಮಗುವಿಗೆ ಆಗುವ ನಷ್ಟ ಸಣ್ಣದಲ್ಲ.

ಧ್ವನಿ ಬಾರದ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ಸರಿಸುವುದು, ಇಲ್ಲವೇ ಹಣ ಖರ್ಚು ಮಾಡಿ ಸಾಂಗಲಿಗೆ ದುರಸ್ತಿಗೆ ಒಯ್ಯುವುದು ಸಾಮಾನ್ಯ. ಆದರೆ ಎಷ್ಟೋ ಸಲ ಯಂತ್ರ ಕೆಟ್ಟಿರುವುದೇ ಇಲ್ಲ. ಎಲ್ಲೋ ಒಂದು ಕಡೆ ಧ್ವನಿಯ ದಾರಿ ಮುಚ್ಚಿರುತ್ತದೆ.

ಒಂದು ಸೊನ್ನೆ ಸಾಕು

ಗಣಕಯಂತ್ರದ ಧ್ವನಿಯು ಮೂರು ಬಾಗಿಲುಗಳನ್ನು ದಾಟಿ ಹೊರಬರುತ್ತದೆ. ಮೊದಲನೆಯದು ಹಾಡು ನುಡಿಸುವ ತಂತ್ರಾಂಶ, ಅಂದರೆ ವಿಎಲ್‌ಸಿಯಂತಹ ಪ್ಲೇಯರ್. ಎರಡನೆಯದು ವಿಂಡೋಸ್. ಮೂರನೆಯದು ಹೊರಗಿನ ಸ್ಪೀಕರ್. ಮೂರಕ್ಕೂ ಪ್ರತ್ಯೇಕ ವಾಲ್ಯೂಮ್ ಇದೆ. ಇದನ್ನು ಗುಣಾಕಾರದಂತೆ ತಿಳಿಯಬೇಕು. ಎರಡು ಸಂಖ್ಯೆಗಳು ಎಷ್ಟೇ ದೊಡ್ಡವಿದ್ದರೂ ಮೂರನೆಯದು ಸೊನ್ನೆಯಾದರೆ ಗುಣಲಬ್ಧ ಸೊನ್ನೆಯೇ. ಪ್ಲೇಯರಿನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದರೂ ವಿಂಡೋಸ್‌ನಲ್ಲಿ ಮ್ಯೂಟ್ ಆಗಿದ್ದರೆ ಏನೂ ಕೇಳಿಸದು. ಆದ್ದರಿಂದ ಸಿಕ್ಕ ಗುಂಡಿಗಳನ್ನೆಲ್ಲ ಒಮ್ಮೆಲೇ ಒತ್ತದೆ, ಹೊರಗಿನಿಂದ ಒಳಕ್ಕೆ ಒಂದೊಂದೇ ಬಾಗಿಲನ್ನು ಪರೀಕ್ಷಿಸಬೇಕು.

ಮೊದಲು ಸ್ಪೀಕರ್

ಸ್ಪೀಕರಿನ ದೀಪ ಉರಿಯುತ್ತಿದೆಯೇ, ಅದರ ಗುಂಡಿ ಪೂರ್ತಿ ಇಳಿದಿದೆಯೇ ಎಂದು ನೋಡಿರಿ. ಬಳಿಕ ಅದರ ತಂತಿಯನ್ನು ಗಣಕಯಂತ್ರದಿಂದ ತೆಗೆದು, ಇಯರ್‌ಫೋನ್ ರಂಧ್ರವಿರುವ ಮೊಬೈಲಿಗೆ ಜೋಡಿಸಿ ಒಂದು ಹಾಡು ಹಚ್ಚಿರಿ. ಧ್ವನಿ ಬಂದರೆ ಸ್ಪೀಕರ್ ಸರಿಯಾಗಿದೆ ಎಂದರ್ಥ. ಬಾರದಿದ್ದರೆ ದೋಷ ಸ್ಪೀಕರಿನದೋ ತಂತಿಯದೋ ಆಗಿರುತ್ತದೆ. ಗಣಕಯಂತ್ರವನ್ನು ಮುಟ್ಟುವ ಅಗತ್ಯವಿಲ್ಲ.

ತಂತಿಯನ್ನು ಮರಳಿ ಜೋಡಿಸುವಾಗ ಬಣ್ಣವನ್ನು ಗಮನಿಸಿರಿ. ಡೆಸ್ಕ್‌ಟಾಪಿನ ಹಿಂಬದಿಯ ರಂಧ್ರಗಳಲ್ಲಿ ಸಾಮಾನ್ಯವಾಗಿ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನಿಂದ ಧ್ವನಿಯನ್ನು ಒಳಗೆ ತರುವುದಕ್ಕೆ. ಕಸ ಗುಡಿಸುವಾಗ ಕಿತ್ತುಬಂದ ತಂತಿಯನ್ನು ಗುಲಾಬಿಗೆ ಸಿಕ್ಕಿಸಿದರೆ ಯಂತ್ರವು ಮೌನವಾಗಿಯೇ ಉಳಿಯುತ್ತದೆ. ಒಂದೇ ಬದಿಯಿಂದ ಧ್ವನಿ ಬರುತ್ತಿದ್ದರೆ ತಂತಿಯನ್ನು ಪೂರ್ತಿ ಒಳಗೆ ಒತ್ತಿ ನೋಡಿರಿ.

ಬಳಿಕ ವಿಂಡೋಸ್

ಪರದೆಯ ಕೆಳಗೆ, ಬಲತುದಿಯಲ್ಲಿ ಸ್ಪೀಕರಿನ ಚಿಹ್ನೆ ಇದೆ. ಅದರೊಡನೆ ಗುಣಾಕಾರದ ಗುರುತು ಇದ್ದರೆ ಧ್ವನಿ ಮ್ಯೂಟ್ ಆಗಿದೆ, ಇಲ್ಲವೇ ಯಂತ್ರಕ್ಕೆ ಸ್ಪೀಕರ್ ದೊರೆತಿಲ್ಲ. ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ವಾಲ್ಯೂಮ್ ಮಿಕ್ಸರ್’ ತೆರೆಯಿರಿ. ಇಲ್ಲಿ ತೆರೆದಿರುವ ತಂತ್ರಾಂಶಗಳಿಗೆ ಬೇರೆ ಬೇರೆ ಪಟ್ಟಿಗಳಿವೆ. ಯೂಟ್ಯೂಬ್‌ನಲ್ಲಿ ಧ್ವನಿ ಬಂದು ಪ್ಲೇಯರಿನಲ್ಲಿ ಮಾತ್ರ ಬಾರದಿದ್ದರೆ ಪ್ಲೇಯರಿನ ಪಟ್ಟಿ ಕೆಳಗಿಳಿದಿರುವ ಸಾಧ್ಯತೆ ಹೆಚ್ಚು. ಹಾಡು ಓಡುತ್ತಿರುವಾಗಲೇ ಇದನ್ನು ನೋಡಬೇಕು. ಇಲ್ಲದಿದ್ದರೆ ಆ ಪಟ್ಟಿ ಕಾಣದೇ ಇರಬಹುದು.

ಇನ್ನೊಂದು ಕಾರಣವು ಶಾಲೆಗಳಿಗೇ ವಿಶೇಷವಾದುದು. ಪ್ರೊಜೆಕ್ಟರನ್ನಾಗಲಿ ಟಿವಿಯನ್ನಾಗಲಿ ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ ಚಿತ್ರದ ಜೊತೆಗೆ ಧ್ವನಿಯೂ ಅತ್ತ ಹೋಗಬಹುದು. ಪ್ರೊಜೆಕ್ಟರಿಗೆ ಸ್ಪೀಕರ್ ಇಲ್ಲದಿದ್ದರೆ ತರಗತಿಗೆ ಚಿತ್ರ ಮಾತ್ರ ಕಾಣಿಸುತ್ತದೆ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ‘ಸೌಂಡ್’ ತೆರೆದು, ಔಟ್‌ಪುಟ್ ಸಾಧನವಾಗಿ ಸ್ಪೀಕರನ್ನು ಆಯ್ದುಕೊಂಡರೆ ಧ್ವನಿ ಮರಳುತ್ತದೆ.

ಕೊನೆಗೆ ಪ್ಲೇಯರ್

ವಿಎಲ್‌ಸಿ 1996ರಲ್ಲಿ ಪ್ಯಾರಿಸ್ ಬಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಆರಂಭಿಸಿದ ಯೋಜನೆಯಿಂದ ಬೆಳೆದುಬಂದ ಉಚಿತ ತಂತ್ರಾಂಶ. ಅದರಲ್ಲಿ ಕೀಲಿಮಣೆಯ ‘ಎಂ’ ಅಕ್ಷರವನ್ನು ಒತ್ತಿದೊಡನೆ ಧ್ವನಿ ಮ್ಯೂಟ್ ಆಗುತ್ತದೆ. ಮತ್ತೆ ಒತ್ತಿದರೆ ಮರಳುತ್ತದೆ. ಮಕ್ಕಳ ಬೆರಳು ತಾಗಿ ಹೀಗಾಗುವುದು ಸಹಜ. ಅದಲ್ಲದಿದ್ದರೆ ‘ಆಡಿಯೊ’ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ನೋಡಿರಿ: ‘ಆಡಿಯೊ ಟ್ರ್ಯಾಕ್’ನಲ್ಲಿ ‘ಡಿಸೇಬಲ್’ ಆಯ್ಕೆಯಾಗಿರಬಾರದು, ‘ಆಡಿಯೊ ಡಿವೈಸ್’ನಲ್ಲಿ ನಿಮ್ಮ ಸ್ಪೀಕರ್ ಆಯ್ಕೆಯಾಗಿರಬೇಕು. ಆಗಲೂ ಫಲ ಕಾಣದಿದ್ದರೆ ‘ಟೂಲ್ಸ್’ ಪಟ್ಟಿಯ ‘ಪ್ರಿಫರೆನ್ಸಸ್’ನಲ್ಲಿ ‘ರೀಸೆಟ್ ಪ್ರಿಫರೆನ್ಸಸ್’ ಒತ್ತಿ, ಪ್ಲೇಯರನ್ನು ಮುಚ್ಚಿ ಮತ್ತೆ ತೆರೆಯಿರಿ. ಇದರಿಂದ ನಿಮ್ಮ ಹಾಡಿನ ಕಡತಗಳು ಅಳಿಯುವುದಿಲ್ಲ; ಬದಲಾದ ಹೊಂದಾಣಿಕೆಗಳು ಮಾತ್ರ ಮೊದಲಿನಂತಾಗುತ್ತವೆ.

ಒಂದೇ ಕಡತಕ್ಕೆ ಧ್ವನಿ ಇಲ್ಲದಿದ್ದರೆ ದೋಷ ಕಡತದಲ್ಲಿರಬಹುದು. ಶಿಕ್ಷಕರು ವಾಟ್ಸ್ಆ್ಯಪ್ ಮೂಲಕ ಕಳಿಸುವ ಧ್ವನಿಸಂದೇಶಗಳು ‘ಓಪಸ್’ ಎಂಬ ಮಾದರಿಯಲ್ಲಿರುತ್ತವೆ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್ ಇದನ್ನು ನುಡಿಸದಿರಬಹುದು, ವಿಎಲ್‌ಸಿ ನುಡಿಸುತ್ತದೆ. ಪದ್ಯವಾಚನದ ಸಂದೇಶ ಓಡದಿದ್ದರೆ ಅದನ್ನು ಅಳಿಸುವ ಮುನ್ನ ವಿಎಲ್‌ಸಿಯಲ್ಲಿ ತೆರೆದು ನೋಡಿರಿ.

ದುರಸ್ತಿಗಾರರ ಬಳಿಗೆ ಯಾವಾಗ?

ಮೊಬೈಲಿಗೆ ಜೋಡಿಸಿದಾಗ ಸ್ಪೀಕರ್ ನುಡಿದು, ಗಣಕಯಂತ್ರವನ್ನು ಮರುಚಾಲನೆ ಮಾಡಿದ ಮೇಲೂ ಯಾವ ತಂತ್ರಾಂಶದಲ್ಲಿಯೂ ಧ್ವನಿ ಬಾರದಿದ್ದರೆ ಡ್ರೈವರಿನ ಅಥವಾ ಧ್ವನಿ ರಂಧ್ರದ ದೋಷವಿರಬಹುದು. ಆಗ ಬಲ್ಲವರ ನೆರವು ಬೇಕು. ಅವರ ಬಳಿಗೆ ಹೋಗುವಾಗಲೂ “ಸೌಂಡ್ ಬರುತ್ತಿಲ್ಲ” ಎಂದಷ್ಟೇ ಹೇಳದೆ, ಏನೇನು ಪರೀಕ್ಷಿಸಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಸ್ಪೀಕರ್ ಸರಿಯಾಗಿದೆ ಎಂದು ತಿಳಿಸಿದರೆ ಹೊಸ ಸ್ಪೀಕರಿನ ಅನವಶ್ಯಕ ಖರ್ಚು ತಪ್ಪುತ್ತದೆ.

ಈ ಪರೀಕ್ಷೆಗಳನ್ನು ಮೇಲಿನ ತರಗತಿಯ ಮಕ್ಕಳೂ ಕಲಿಯಬಲ್ಲರು. ಪಾಲಕರು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿ, ಪರೀಕ್ಷೆಗಳ ಕ್ರಮವನ್ನು ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸುವಂತೆ ಕೇಳಬಹುದು. ಒಂದು ಹಾಳೆ ಕಾಗದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.